ಹೊತ್ತು ಕಣ್ಣಿಗೆ ಕಾಣೋ ಟೈಮರ್: ಎಡಿಎಚ್‌ಡಿ ಇರೋ ನಾನು ಎಂಟು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಇದು ಆನ್‌ಲೈನಲ್ಲಿ ಮಕ್ಕಳ ಸ್ಕೂಲ್ ಸಾಮಾನಿನ ಜೊತೆ ಸಿಗೋ ವಸ್ತು, ಆದ್ರೆ ನಾನು ತಗೊಂಡಿದ್ದು ನನಗೋಸ್ಕರ. ನನಗೀಗ 37 ವರ್ಷ, ತುಮಕೂರಲ್ಲಿ ಮನೆ ಮುಂದಿನ ರೂಮನ್ನೇ ಆಫೀಸ್ ಮಾಡ್ಕೊಂಡು ಅಂಗಡಿಯವರಿಗೆ ಜಿಎಸ್‌ಟಿ ರಿಟರ್ನು, ಲೆಕ್ಕಪತ್ರ ಎಲ್ಲ ಮಾಡ್ಕೊಡ್ತೀನಿ. ಎಡಿಎಚ್‌ಡಿ, ಅಂದ್ರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಕೆ-ಆತುರದ ತೊಂದರೆ, ನನಗಿದೆ ಅಂತ ಗೊತ್ತಾಗಿದ್ದು ಎರಡು ವರ್ಷದ ಹಿಂದೆ. ಈ ಟೈಮರ್ ಬಗ್ಗೆ ಇರೋ ರಿವ್ಯೂಗಳನ್ನೆಲ್ಲ ಓದಿದೆ, ಎಲ್ಲಾ "ಮಗುಗೆ ಇಷ್ಟ ಆಯ್ತು, ಪ್ಯಾಕಿಂಗ್ ಚೆನ್ನಾಗಿದೆ" ಅಂತಾನೇ ಇದ್ವು, ನನ್ನಂಥ ದೊಡ್ಡೋರು ಬರೆದಿದ್ದು ಒಂದೂ ಕಾಣಿಸ್ಲಿಲ್ಲ, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಕೂತು ಬರೀತಿದೀನಿ.

ನೋಡೋಕೆ ಚೌಕದ ಬಿಳಿ ಗಡಿಯಾರ ಇದ್ದಂಗಿದೆ, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಬೆಲೆ ನನಗೆ ಬಿದ್ದಿದ್ದು 850 ರೂಪಾಯಿ. ಮುಳ್ಳಿಲ್ಲ, ಅದರ ಬದಲು ಒಂದು ಕೆಂಪು ತಟ್ಟೆ ಇದೆ. ನಡುವೆ ಇರೋ ಗುಂಡಿ ಹಿಡಿದು ತಿರುಗಿಸಿದ್ರೆ ಎಷ್ಟು ನಿಮಿಷ ಬೇಕೋ ಅಷ್ಟು ಕೆಂಪು ಹೊರಗೆ ಬರತ್ತೆ, ಕಾಲು ಗಂಟೆಗೆ ಕಾಲು ಭಾಗ, ಅರ್ಧ ಗಂಟೆಗೆ ಅರ್ಧ ಚಂದ್ರನ ಥರ, ಒಂದು ಗಂಟೆಗೆ ಪೂರ್ತಿ ದುಂಡಗೆ ಕೆಂಪು. ಆಮೇಲೆ ಅದು ಸದ್ದಿಲ್ಲದೆ ಕರಗ್ತಾ ಹೋಗತ್ತೆ, ಸೊನ್ನೆಗೆ ಬಂದಾಗ ಮೂರ್ನಾಲ್ಕು ಸಲ ಬೀಪ್ ಅನ್ನತ್ತೆ. ಒಂದು ಪೆನ್ಸಿಲ್ ಸೆಲ್ ಹಾಕಿದ್ರೆ ಸಾಕು. ಇಷ್ಟೇ ಇದರ ಕೆಲಸ, ಬೇರೆ ಯಾವ ಫೀಚರೂ ಇಲ್ಲ. ಈ ಥರದ್ದು ಮೊದಲು ಮಾಡಿದ್ದು ಅಮೆರಿಕದ ಜಾನ್ ರೋಜರ್ಸ್ ಅನ್ನೋ ತಾಯಿ, 1990ರ ದಶಕದಲ್ಲಿ, ಇನ್ನೂ ಗಡಿಯಾರ ನೋಡೋಕೆ ಬರದ ತನ್ನ ಮಗಳಿಗೆ "ಇನ್ನೆಷ್ಟು ಹೊತ್ತು" ಅನ್ನೋದನ್ನ ತೋರಿಸೋಕೆ. ಅವರದ್ದು ಟೈಮ್ ಟೈಮರ್ ಅನ್ನೋ ಹೆಸರಲ್ಲಿ ಬರತ್ತೆ. ನನ್ನ ಹತ್ರ ಇರೋದು ಅದೇ ಥರದ, ಹೆಸರೇ ಇಲ್ಲದ ಅಗ್ಗದ ಮಾಲು.

ಈಗ ಇದು ನನಗ್ಯಾಕೆ ಬೇಕಾಯ್ತು ಅನ್ನೋದು. ನಮ್ಮಮ್ಮ ಚಿಕ್ಕಂದಿನಿಂದ ನನಗೆ ಹೇಳ್ತಿದ್ದ ಒಂದೇ ಮಾತು, "ಹೊತ್ತು ಗೊತ್ತು ಏನಾದ್ರೂ ಇದ್ಯೇನೇ ನಿಂಗೆ". ಸ್ನಾನಕ್ಕೆ ಹೋದ್ರೂ ಅದೇ, ಅಂಗಡಿಗೆ ಕೊತ್ತಂಬರಿ ಸೊಪ್ಪು ತರೋಕೆ ಹೋದ್ರೂ ಅದೇ. ನಾನು ಅದನ್ನ ಬೈಗುಳ ಅಂತಲೇ ಅನ್ಕೊಂಡು ಬೆಳೆದೆ, ನಾನೇ ಸರಿ ಇಲ್ಲ, ನನಗೆ ಜವಾಬ್ದಾರಿ ಇಲ್ಲ ಅಂತ. ಮೂವತ್ತೈದು ವರ್ಷ ಆದ್ಮೇಲೆ ಡಾಕ್ಟರ್ ಟೈಮ್ ಬ್ಲೈಂಡ್‌ನೆಸ್ ಅನ್ನೋ ಪದ ಹೇಳಿದಾಗ ನನಗೆ ಮೊದಲು ನೆನಪಾಗಿದ್ದೇ ಅಮ್ಮನ ಆ ಮಾತು. ನಿಜವಾಗ್ಲೂ ಹೊತ್ತು ಗೊತ್ತಾಗಲ್ಲ ನನಗೆ. ಬೇರೆಯವರಿಗೆ ಕೆಲಸ ಮಾಡ್ತಾ ಮಾಡ್ತಾನೇ ಒಳಗೆಲ್ಲೋ "ಆಯ್ತು, ಇಪ್ಪತ್ತು ನಿಮಿಷ ಆಗಿರಬೇಕು" ಅಂತ ಅನ್ನಿಸ್ತಾ ಇರತ್ತಂತೆ, ನಮ್ಮ ಯಜಮಾನ್ರು ಗಡಿಯಾರ ನೋಡ್ದೇನೇ ಟೈಮ್ ಹೇಳ್ತಾರೆ, ಐದು ನಿಮಿಷ ಆಚೆ ಈಚೆ ಅಷ್ಟೇ. ನನಗೆ ಇರೋದು ಎರಡೇ, ಈಗ, ಮತ್ತೆ ಆಮೇಲೆ. ಆಮೇಲೆ ಅನ್ನೋದು ಹತ್ತು ನಿಮಿಷ ಆದ್ರೂ ಒಂದೇ, ಹತ್ತು ದಿನ ಆದ್ರೂ ಒಂದೇ.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಕೆಲಸದಲ್ಲಿ ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ಒಟ್ಟು ಲೆಕ್ಕ ತೋರಿಸಿ ಟ್ಯಾಕ್ಸ್ ಕಟ್ಟೋ ರಿಟರ್ನು) ಕೊನೇ ದಿನ, ಇದು ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಮೂರು ವರ್ಷದ ಹಿಂದೆ ಒಂದು 20ನೇ ತಾರೀಕು, ಮಧ್ಯಾಹ್ನ ನಾಲ್ಕು ಗಂಟೆಗೆ ಒಬ್ಬ ಹಾರ್ಡ್‌ವೇರ್ ಅಂಗಡಿಯವರ 2ಬಿ, ಅಂದ್ರೆ ಜಿಎಸ್‌ಟಿ ಪೋರ್ಟಲಲ್ಲಿ ಬರೋ ಖರೀದಿ ಬಿಲ್ಲುಗಳ ಪಟ್ಟಿ, ತಾಳೆ ಆಗ್ತಿರ್ಲಿಲ್ಲ, ಎಲ್ಲೋ ಒಂದು ಬಿಲ್ ವ್ಯತ್ಯಾಸ, ಹತ್ತು ನಿಮಿಷದಲ್ಲಿ ಹುಡುಕ್ಬಿಡೋಣ ಅಂತ ಕೂತೆ. ಹುಡುಕ್ದೆ, ಸಿಕ್ತು, ಅದರ ಹಿಂದಿನ ತಿಂಗಳದ್ದೂ ನೋಡೋಣ ಅನ್ನಿಸ್ತು, ಆಮೇಲೆ ಇಡೀ ವರ್ಷದ್ದು. ಮಧ್ಯೆ ಅತ್ತೆ ಬಂದು ಊಟಕ್ಕೆ ಕರೆದಿದ್ದು ನೆನಪಿದೆ, ಬಂದೆ ಅಂದಿದ್ದೂ ನೆನಪಿದೆ. ತಲೆ ಎತ್ತಿ ನೋಡ್ದಾಗ ರಾತ್ರಿ 12 ಗಂಟೆ 20 ನಿಮಿಷ. ಇನ್ನೂ ಒಂಬತ್ತು ಜನರ ರಿಟರ್ನ್ ಫೈಲ್ ಮಾಡೋದು ಬಾಕಿ ಇತ್ತು. ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟೋ ಟ್ಯಾಕ್ಸೇ ಇಲ್ಲದ ನಿಲ್ ರಿಟರ್ನ್ ಆದ್ರೆ 20, ಕಟ್ಟಬೇಕಾದ ಟ್ಯಾಕ್ಸ್ ಮೇಲೆ ವರ್ಷಕ್ಕೆ ಶೇಕಡ 18ರ ಲೆಕ್ಕದಲ್ಲಿ ಬಡ್ಡಿ, ಎಲ್ಲಾ ನಾನೇ ಕೈಯಿಂದ ಹಾಕ್ದೆ. ದುಡ್ಡು ದೊಡ್ಡದಾಗಿರ್ಲಿಲ್ಲ, ಆದ್ರೆ ಬೆಳಿಗ್ಗೆ ಎದ್ದು ಒಂಬತ್ತು ಜನಕ್ಕೆ ಫೋನ್ ಮಾಡಿ ಹೇಳೋದಿದ್ಯಲ್ಲ, ಅವರು "ಯಾಕ್ ಮೇಡಂ, ನಾವು ಹತ್ತನೇ ತಾರೀಕೇ ಬಿಲ್ ಎಲ್ಲಾ ಕಳಿಸಿದ್ವಲ್ಲ" ಅಂತ ಕೇಳಿದಾಗ ಏನ್ ಹೇಳೋದು. ತಾರೀಕು ಮರೆತಿರ್ಲಿಲ್ಲ, ಕೆಲಸ ಬರಲ್ಲ ಅಂತಲ್ಲ, ಸೋಮಾರಿತನ ಅಂತೂ ಅಲ್ಲವೇ ಅಲ್ಲ, ಎಂಟು ಗಂಟೆ ಎದ್ದಿಲ್ಲ ಕುರ್ಚಿಯಿಂದ.

ಮೊಬೈಲ್ ಅಲಾರಂ ಇಟ್ಕೋಬಹುದಲ್ಲ ಅಂತ ಎಲ್ರೂ ಕೇಳ್ತಾರೆ, ಇಟ್ಕೊಂಡಿದ್ದೆ, ದಿನಕ್ಕೆ ಹದಿನಾಲ್ಕು ಇಟ್ಕೊಂಡಿದ್ದೆ. ಅದರ ಕಥೆ ಏನಂದ್ರೆ ಮೊದಲನೇದಾಗಿ ಅಲಾರಂ ಹೊಡ್ಕೊಂಡಾಗ ಕೈ ತಾನಾಗೇ ಹೋಗಿ ಆಫ್ ಮಾಡಿರತ್ತೆ, ತಲೆಗೆ ಹೋಗಿರಲ್ಲ. ಎರಡನೇದು, ಆಫ್ ಮಾಡೋಕೆ ಅಂತ ಮೊಬೈಲ್ ಕೈಗೆ ತಗೊಂಡ್ರೆ ಅಲ್ಲಿ ವಾಟ್ಸಾಪ್ ಕಾಯ್ತಾ ಕೂತಿರತ್ತೆ. ಇದೆಲ್ಲಕ್ಕಿಂತ ಮುಖ್ಯವಾದ ಮಾತು, ಅಲಾರಂ ಹೊತ್ತು ಮುಗಿದ ಮೇಲೆ ಕೂಗತ್ತೆ, ಅಲ್ಲಿವರೆಗೂ ಸುಮ್ನಿರತ್ತೆ. ನನಗೆ ಬೇಕಾಗಿದ್ದು ಮುಗೀತಾ ಇರೋದು ಗೊತ್ತಾಗೋದು. ಈ ಕೆಂಪು ತಟ್ಟೆ ಮಾಡೋದು ಅದನ್ನೇ.

ಮೊದಲನೇ ದಿನದ್ದು ಹೇಳ್ತೀನಿ. ಒಬ್ಬರ ಬಿಲ್ ಎಂಟ್ರಿ ಮಾಡ್ಬೇಕಿತ್ತು, ನಲವತ್ತು ನಿಮಿಷಕ್ಕೆ ತಿರುಗಿಸಿ ಮಾನಿಟರ್ ಕೆಳಗೆ, ಕೀಬೋರ್ಡಿಗೂ ಸ್ಕ್ರೀನಿಗೂ ಮಧ್ಯೆ ಇಟ್ಕೊಂಡೆ. ಎಂಟ್ರಿ ಮಾಡ್ತಾ ಒಂದು ಬಿಲ್ಲಲ್ಲಿ ಸರಕು ಯಾವುದು ಅಂತ ಹೇಳೋ ಎಚ್‌ಎಸ್‌ಎನ್ ಕೋಡ್ ತಪ್ಪಿತ್ತು, ಮಾಮೂಲಿ ಥರ ಅದರ ಹಿಂದೆ ಬಿದ್ದೆ, ಹಳೇ ಫೈಲ್ ತೆಗೆಯೋಕೆ ಅಂತ ಕಣ್ಣು ಕೆಳಗೆ ಬಂತು, ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಇದ್ದ ಕೆಂಪು ಕಾಲು ಭಾಗಕ್ಕೆ ಇಳಿದಿದೆ. ಹೊಟ್ಟೇಲಿ ಒಂಥರಾ ಆಯ್ತು ನನಗೆ. ಯಾರೂ ಕೂಗಿಲ್ಲ, ಯಾರೂ ಬೈದಿಲ್ಲ, ಆದ್ರೂ ಇಷ್ಟು ಹೋಯ್ತು, ಇಷ್ಟು ಉಳೀತು ಅನ್ನೋದು ಒಂದೇ ನೋಟಕ್ಕೆ ಗೊತ್ತಾಯ್ತು. ಆ ಬಿಲ್ಲಿಗೆ ಒಂದು ಚೀಟಿ ಅಂಟಿಸಿ ಪಕ್ಕಕ್ಕಿಟ್ಟು ಉಳಿದಿದ್ದು ಮುಗಿಸ್ದೆ. ಬೇರೆಯವರಿಗೆ ಇದು ಏನೂ ಅಲ್ಲ ಅಂತ ಗೊತ್ತು. ನನಗೆ ಒಂದು ಕೆಲಸನ ಅರ್ಧದಲ್ಲಿ ನಾನಾಗೇ ಬಿಟ್ಟು ಇನ್ನೊಂದಕ್ಕೆ ಹೋಗಿದ್ದು ಯಾವಾಗ ಅಂತ ನೆನಪೇ ಇಲ್ಲ. ಅವತ್ತು ಸಂಜೆ ಯಜಮಾನ್ರಿಗೆ ಅದನ್ನ ಹೇಳ್ತಾ ಅತ್ತುಬಿಟ್ಟೆ.

ಎಡಿಎಚ್‌ಡಿ ಇದೆ ಅಂತ ಗೊತ್ತಾಗಿದ್ದು ಹೇಗೆ ಅಂತ ಕೇಳೋರು ಇರ್ತಾರೆ, ಅದನ್ನೂ ಬರೀತೀನಿ. ಮಗಳು ಎರಡನೇ ಕ್ಲಾಸಲ್ಲಿದ್ದಾಗ ಟೀಚರ್ ಕರೆಸಿ, ಹುಡುಗಿ ಜಾಣೆ ಆದ್ರೆ ಕಿಟಕಿ ಆಚೆ ನೋಡ್ತಾ ಕೂತಿರ್ತಾಳೆ, ಒಂದ್ಸಲ ತೋರಿಸಿ ಅಂದ್ರು. ಅವಳನ್ನ ನೋಡಿದ ಡಾಕ್ಟರ್ ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ ಅಂತ ಕೇಳ್ತಾ ಕೇಳ್ತಾ, ಅವರು ಹೇಳ್ತಿರೋದೆಲ್ಲ ನನ್ನ ಬಗ್ಗೆನೇ ಅನ್ನಿಸೋಕೆ ಶುರುವಾಯ್ತು. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರೋ ಪಾಲು ತುಂಬಾ ಜಾಸ್ತಿ, ಶೇಕಡ 70ರಿಂದ 80ರ ಸುತ್ತ ಅಂತ ಕಂಡುಬಂದಿದೆ, ಹಾಗಾಗಿ ಮಗುವಿಗೆ ಗೊತ್ತಾದ್ಮೇಲೆ ಅಪ್ಪನಿಗೋ ಅಮ್ಮನಿಗೋ ಗೊತ್ತಾಗೋದು ಬಹಳ ಕಡೆ ನಡೆಯೋದೇ.

ನಾನು ಮೊದಲು ಹೋದ ಡಾಕ್ಟರ್ ಐದು ನಿಮಿಷದಲ್ಲಿ ಕಳಿಸ್ಬಿಟ್ರು, "ಇಷ್ಟು ಓದಿದೀರ, ಆಫೀಸ್ ನಡೆಸ್ತಿದೀರ, ನಿಮಗೆಲ್ಲಿ ಎಡಿಎಚ್‌ಡಿ" ಅಂತ. ಆ ಮಾತು ಕೇಳಿ ಇನ್ನೂ ಆರು ತಿಂಗಳು ಸುಮ್ನಿದ್ದೆ, ಅದು ನಾನು ಮಾಡಿದ ತಪ್ಪು, ನೀವು ಸುಮ್ನಿರಬೇಡಿ. ಎರಡನೇ ಡಾಕ್ಟರ್ ಬೆಂಗಳೂರಲ್ಲಿ, ಸೈಕಿಯಾಟ್ರಿಸ್ಟ್, ಎರಡು ಸಲ ಕೂರಿಸ್ಕೊಂಡು ಮಾತಾಡಿಸಿದ್ರು. ಇದಕ್ಕೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಅಂತ ಇಲ್ಲ, ಥೈರಾಯ್ಡ್ ಮಾಡಿಸಿದ್ದು ಬೇರೆ ಕಾರಣ ಏನಾದ್ರೂ ಇದ್ಯಾ ಅಂತ ನೋಡೋಕೆ, ನಿದ್ದೆ ಹೇಗಿದೆ, ಖಿನ್ನತೆ, ಆತಂಕ ಇದ್ಯಾ ಅಂತಾನೂ ಕೇಳಿದ್ರು, ಯಾಕಂದ್ರೆ ಅವೂ ಗಮನ ಕೆಡಿಸ್ತವೆ. ಮೊದಲು ಎಎಸ್‌ಆರ್‌ಎಸ್ ಅನ್ನೋ ಪ್ರಶ್ನೆಪಟ್ಟಿ ತುಂಬಿಸಿದ್ರು, ಒಟ್ಟು 18 ಪ್ರಶ್ನೆ, ಮೊದಲ ಆರು ಮುಖ್ಯ, ಅದು ಜರಡಿ ಹಿಡಿಯೋಕೆ ಮಾತ್ರ, ಅದೊಂದನ್ನೇ ನೋಡಿ ಇದೆ ಅಂತ ನಿರ್ಧಾರ ಮಾಡಲ್ಲ. ಆಮೇಲೆ ಚಿಕ್ಕಂದಿನಲ್ಲಿ ಹೇಗಿದ್ರಿ ಅನ್ನೋದೇ ದೊಡ್ಡ ಪ್ರಶ್ನೆ. ಮಾನಸಿಕ ತೊಂದರೆಗಳನ್ನ ಗುರುತಿಸೋಕೆ ಡಾಕ್ಟರ್‌ಗಳು ಬಳಸೋ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಮ್-5 ಪ್ರಕಾರ ಕೆಲವು ಲಕ್ಷಣಗಳಾದ್ರೂ ಹನ್ನೆರಡು ವರ್ಷದ ಒಳಗೇ ಇದ್ದಿರಬೇಕು, ಅದಕ್ಕೆ ಮುಂಚೆ ಏಳು ವರ್ಷ ಅಂತಿತ್ತು. ದೊಡ್ಡವರಿಗೆ ಗಮನದ ಒಂಬತ್ತು ಲಕ್ಷಣದಲ್ಲೋ, ಚಡಪಡಿಕೆ-ಆತುರದ ಒಂಬತ್ತರಲ್ಲೋ ಐದಾದ್ರೂ ಇರಬೇಕು, ಮನೆ, ಕೆಲಸ ಅಂತ ಒಂದಕ್ಕಿಂತ ಹೆಚ್ಚು ಕಡೆ ಕಾಣಿಸಬೇಕು, ಜೀವನಕ್ಕೆ ತೊಂದರೆ ಕೊಡ್ತಿರಬೇಕು.

ಅಮ್ಮ ಟ್ರಂಕಿಂದ ನನ್ನ ಹಳೇ ಮಾರ್ಕ್ಸ್ ಕಾರ್ಡ್ ತೆಗೆದು ಕಳಿಸಿದ್ರು. ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು, ಎರಡರಲ್ಲೂ ಕೆಳಗೆ ನೀಲಿ ಇಂಕಲ್ಲಿ ಒಂದೇ ಮಾತು, "ಗಮನ ಕಡಿಮೆ, ಪ್ರಯತ್ನ ಸಾಲದು". ಗಮನ ಕಡಿಮೆ ಅನ್ನೋದು ಸರಿ. ಪ್ರಯತ್ನ ಸಾಲದು ಅನ್ನೋದನ್ನ ಓದಿದಾಗ ಆ ಎಂಟು ವರ್ಷದ ಹುಡುಗಿ ಬಗ್ಗೆ ತುಂಬಾ ಸಂಕಟ ಆಯ್ತು. ಓಡಾಡೋ, ಗಲಾಟೆ ಮಾಡೋ ಹುಡುಗರನ್ನ ಟೀಚರ್ ಗಮನಿಸ್ತಾರೆ, ಸುಮ್ನೆ ಕೂತು ಎಲ್ಲೋ ಕಳೆದುಹೋಗೋ ಹುಡುಗೀರನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದು ಕಮ್ಮಿ, ಅದಕ್ಕೇ ನನ್ನಂಥವರಿಗೆ ಗೊತ್ತಾಗೋದು ಮೂವತ್ತು ನಲವತ್ತರ ಮೇಲೆ.

ಔಷಧಿ ತಗೋತೀನಾ ಅಂದ್ರೆ ಹೌದು. ಯಾವುದು ಎಷ್ಟು ಅನ್ನೋದು ಡಾಕ್ಟರ್ ವಿಷಯ, ನನ್ನ ನೋಡಿ ಯಾರೂ ತಗೋಬೇಡಿ. ಗೊತ್ತಿರ್ಲಿ ಅಂತ ಇಷ್ಟು ಹೇಳ್ತೀನಿ, ನಮ್ಮ ದೇಶದಲ್ಲಿ ಇದಕ್ಕೆ ಹೆಚ್ಚಾಗಿ ಕೊಡೋದು ಮಿಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸೆಟಿನ್. ಮಿಥೈಲ್‌ಫೆನಿಡೇಟ್ ತಗೊಂಡ ದಿನಾನೇ ಕೆಲಸ ಮಾಡತ್ತೆ, ಆದ್ರೆ ಅದು ಶೆಡ್ಯೂಲ್ ಎಕ್ಸ್ ಅನ್ನೋ, ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮ ಇರೋ ಪಟ್ಟಿಯ ಔಷಧಿ, ಡಾಕ್ಟರ್ ಚೀಟಿ ಎರಡು ಪ್ರತಿ ಬೇಕು, ಒಂದನ್ನ ಅಂಗಡಿಯವರು ಎರಡು ವರ್ಷ ಇಟ್ಕೋಬೇಕು, ಎಲ್ಲಾ ಮೆಡಿಕಲ್ ಸ್ಟೋರಲ್ಲೂ ಸಿಗಲ್ಲ. ನಾನು ಮೊದಲನೇ ಸಲ ನಾಲ್ಕು ಅಂಗಡಿ ಸುತ್ತಿದೆ, ಒಂದು ಕಡೆ ಅನುಮಾನದಿಂದ ನೋಡಿದ್ರು, ಅವಮಾನ ಅನ್ನಿಸ್ತು. ಎಲ್ಲಿ ಸಿಗತ್ತೆ ಅಂತ ಡಾಕ್ಟರ್ ಹತ್ರಾನೇ ಕೇಳಿಕೊಂಡು ಹೊರಡಿ. ಅಟೊಮಾಕ್ಸೆಟಿನ್ ಆ ಗುಂಪಿಗೆ ಸೇರಿಲ್ಲ, ಆದ್ರೆ ಪೂರ್ತಿ ಪರಿಣಾಮಕ್ಕೆ ನಾಲ್ಕಾರು ವಾರ ಬೇಕು. ಎರಡಕ್ಕೂ ಬಿಪಿ, ನಾಡಿ ನೋಡಿಸ್ಕೋತಾ ಇರಬೇಕು. ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಿಲ್ದೋರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಔಷಧಿ ಇದ್ರೆ ಟೈಮರ್ ಯಾಕೆ ಅಂತ ನಾನೂ ಅನ್ಕೊಂಡಿದ್ದೆ. ಔಷಧಿ ತಗೊಂಡ್ಮೇಲೆ ತಲೆ ಒಳಗಿನ ಸದ್ದು ಕಮ್ಮಿ ಆಯ್ತು, ಕೂತ ಕೆಲಸದಲ್ಲಿ ಕೂರೋಕೆ ಆಯ್ತು, ಆದ್ರೆ ತಪ್ಪು ಕೆಲಸದಲ್ಲಿ ಕೂತ್ರೆ ಅದರಲ್ಲೂ ಚೆನ್ನಾಗೇ ಕೂತಿರ್ತೀನಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಅನ್ನೋದನ್ನ ಮಾತ್ರೆ ಹೇಳ್ಕೊಡಲ್ಲ. ಅದಕ್ಕೆ ಹೊರಗಡೆ ಒಂದು ಆಸರೆ ಬೇಕು, ಕಣ್ಣಿಗೆ ಕಾಣೋ ಥರ.

ಈಗ ಇದರಲ್ಲಿ ಏನ್ ಸರಿ ಇಲ್ಲ ಅನ್ನೋದು. ಐದು ನಿಮಿಷಕ್ಕೆ ಇಟ್ರೆ ನಾಲ್ಕಕ್ಕೂ ಹೊಡ್ಕೋಬಹುದು ಆರಕ್ಕೂ ಹೊಡ್ಕೋಬಹುದು, ಕೈಯಲ್ಲಿ ತಿರುಗಿಸೋದಲ್ವಾ, ಚಿಕ್ಕ ಲೆಕ್ಕಕ್ಕೆ ನಂಬೋ ಹಾಗಿಲ್ಲ. ಒಂದು ಗಂಟೆ ಮೇಲೆ ಇಡೋಕಾಗಲ್ಲ. ಅಂಕಿಗಳು ಮಾಮೂಲಿ ಗಡಿಯಾರಕ್ಕೆ ಉಲ್ಟಾ ಇರೋದ್ರಿಂದ ಮೊದಲ ಎರಡು ದಿನ ಹದಿನೈದಕ್ಕೆ ಇಡೋ ಕಡೆ ನಲವತ್ತೈದಕ್ಕೆ ಇಟ್ಟಿದೀನಿ. ಬೀಪ್ ಶಬ್ದಕ್ಕೆ ಹಿಂದೆ ಒಂದು ಸ್ವಿಚ್ ಇದೆ, ಆನ್ ಅಥವಾ ಆಫ್ ಅಷ್ಟೇ, ಸಣ್ಣದು ದೊಡ್ಡದು ಮಾಡೋಕಾಗಲ್ಲ, ಪಕ್ಕದ ರೂಮಲ್ಲಿದ್ರೆ ಕೇಳಿಸಲ್ಲ. ಇನ್ನೊಂದು ಮಾತು, ನಾನು ಇದಕ್ಕೂ ಮುಂಚೆ ಸ್ಪ್ರಿಂಗ್ ತಿರುಗಿಸೋದು, ಸೆಲ್ ಬೇಡದ್ದು, ಇನ್ನೂ ಅಗ್ಗದ್ದು ತಗೊಂಡಿದ್ದೆ. ಅದು ಟಿಕ್ ಟಿಕ್ ಟಿಕ್ ಟಿಕ್ ಅಂತ ಜೋರಾಗಿ ಬಡ್ಕೊಳತ್ತೆ, ಶಬ್ದಕ್ಕೆ ಕಿವಿ ಹೋಗೋ ನಮ್ಮಂಥವರು ದಯವಿಟ್ಟು ಅದನ್ನ ತಗೋಬೇಡಿ, ಸದ್ದಿಲ್ಲದ್ದು ಅಂತ ಬರೆದಿದ್ಯಾ ನೋಡಿ ತಗೊಳ್ಳಿ.

ಇನ್ನೂ ಒಂದು ತೊಂದರೆ ಇದೆ, ಅದು ವಸ್ತುವಿನದ್ದಲ್ಲ, ಎಡಿಎಚ್‌ಡಿದು. ಯಾವುದೇ ಹೊಸದು ಹೊಸದಾಗಿರೋವರೆಗೆ ಕಣ್ಣಿಗೆ ಕಾಣತ್ತೆ, ಆಮೇಲೆ ಗೋಡೆ ಥರ ಆಗ್ಬಿಡತ್ತೆ. ಮೂರನೇ ತಿಂಗಳಲ್ಲಿ ನಾನು ಇದನ್ನ ಮೂರು ವಾರ ಮುಟ್ಟೇ ಇರ್ಲಿಲ್ಲ, ಎದುರಿಗೇ ಇತ್ತು, ಕಾಣಿಸ್ತಿರ್ಲಿಲ್ಲ. ಮುಂಚೆ ಆಗಿದ್ರೆ "ಇದೂ ಹೋಯ್ತು, ನನ್ನ ಕೈಲಿ ಯಾವುದೂ ಆಗಲ್ಲ" ಅಂತ ಕಪಾಟಿಗೆ ಸೇರ್ತಿತ್ತು, ಅಲ್ಲಿ ಪ್ಲಾನರ್‌ಗಳು, ಡೈರಿಗಳು ಆಗಲೇ ಬೇಕಾದಷ್ಟಿವೆ. ಈ ಸಲ ಹಾಗೆ ಮಾಡ್ದೆ ಜಾಗ ಬದಲಾಯಿಸ್ದೆ. ಮಾನಿಟರ್ ಕೆಳಗಿದ್ದಿದ್ದನ್ನ ಎಡಗಡೆ ಫೈಲ್ ಮೇಲೆ, ಆಮೇಲೆ ಕಿಟಕಿ ಸಂದಿಗೆ. ಈಗ ಒಂದನೇ ತಾರೀಕು ಬಂದ್ರೆ ಟೈಮರ್ ಜಾಗ ಬದಲು, ಅದಕ್ಕೆ ಮಾತ್ರ ಮೊಬೈಲಲ್ಲಿ ಅಲಾರಂ ಇದೆ. ಯಾರಾದ್ರೂ ತಗೊಂಡು ಒಂದು ತಿಂಗಳಿಗೆ ಬಿಟ್ಬಿಟ್ರೆ ಬೇಜಾರ್ ಮಾಡ್ಕೋಬೇಡಿ, ಜಾಗ ಬದಲಾಯಿಸಿ ನೋಡಿ.

ಮನೇಲಿ ಇದು ಎಲ್ಲರ ಕೈಗೂ ಬಂದಿದೆ. ಬೆಳಿಗ್ಗೆ ಏಳರಿಂದ ಏಳೂವರೆ ಅಡುಗೆ ಮನೆ ಕಟ್ಟೆ ಮೇಲಿರತ್ತೆ. ಮುಂಚೆ ಹಾಲಿಟ್ಟು ಒಗೆಯೋ ಬಟ್ಟೆ ತರೋಕೆ ರೂಮಿಗೆ ಹೋದ್ರೆ ಅಲ್ಲಿ ಮಗಳ ಬುಕ್ಕು ಕಾಣ್ತಿತ್ತು, ಅದನ್ನ ಜೋಡಿಸ್ತಾ ಕೂತ್ರೆ ಹಾಲು ಉಕ್ಕಿ ಒಲೆ ತುಂಬಾ ಹರಿದು ವಾಸನೆ ಬಂದ್ಮೇಲೇ ನೆನಪಾಗೋದು. ಈಗ ಹಾಲಿಗೆ ಒಲೆ ಮುಂದೆ ನಿಂತೇ ಇರ್ತೀನಿ, ಅದನ್ನ ಟೈಮರ್‌ಗೂ ಬಿಡಲ್ಲ, ಆದ್ರೆ ಡಬ್ಬಿ ಕಟ್ಟೋದು, ಜಡೆ ಹಾಕೋದು, ಸ್ಕೂಲ್ ವ್ಯಾನು, ಇದೆಲ್ಲ ಆ ಅರ್ಧ ಚಂದ್ರದೊಳಗೆ ಮುಗೀಬೇಕು ಅಂತ ಮೂರೂ ಜನಕ್ಕೂ ಗೊತ್ತು. ನಾನು ಕೂಗೋದು ನಿಂತಿದೆ, ಮಗಳೇ "ಅಮ್ಮ, ಕೆಂಪು ಇಷ್ಟೇ ಇದೆ" ಅಂತ ಬೆರಳಲ್ಲಿ ತೋರಿಸ್ತಾಳೆ. ಅತ್ತೆ ಮೊದಮೊದಲು "ಇದ್ಯಾಕಮ್ಮ, ಗೋಡೆ ಮೇಲೆ ಗಡಿಯಾರ ಇಲ್ವಾ" ಅಂದಿದ್ರು. ಈಗ ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡು ಹತ್ತು ನಿಮಿಷ ಮಲಗೋಕೆ ಅವರೇ ಕೇಳಿ ತಗೋತಾರೆ.

ಅಮ್ಮ ಹೋದ ತಿಂಗಳು ಬಂದಿದ್ರು. ಟೇಬಲ್ ಮೇಲಿದ್ದಿದ್ದನ್ನ ಎತ್ಕೊಂಡು ತಿರುಗಿಸಿ ನೋಡಿ, ಇದೇನು ಅಂದ್ರು, ಹೇಳ್ದೆ. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಕೆಂಪು ಕಮ್ಮಿ ಆಗೋದನ್ನೇ ನೋಡ್ತಾ ಕೂತಿದ್ರು. ಆಮೇಲೆ "ನಿಮ್ಮಪ್ಪನೂ ಹಿಂಗೇ ಅಲ್ವೇನೇ, ಬಸ್ ಸ್ಟಾಂಡಿಗೆ ಹೊರಟೋರು ದಾರೀಲಿ ಯಾರ ಹತ್ರಾನೋ ಮಾತಾಡ್ತಾ ನಿಂತು ಎಷ್ಟು ಬಸ್ ತಪ್ಪಿಸ್ಕೊಂಡಿದಾರೆ, ಎಷ್ಟು ಬೈದಿದೀನಿ ನಾನು ಅವರನ್ನ" ಅಂದ್ರು. ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತು. ನಾನು ಕಾಫಿ ಮಾಡೋಕೆ ಎದ್ದೆ, ಇನ್ನೇನೂ ಹೇಳೋಕಾಗ್ಲಿಲ್ಲ.

ತಗೋಬಹುದಾ ಅಂತ ಕೇಳಿದ್ರೆ, ಹೊತ್ತು ಗೊತ್ತಾಗದೇ ಇರೋದೇ ನಿಮ್ಮ ಮುಖ್ಯ ತೊಂದರೆ ಆಗಿದ್ರೆ ಖಂಡಿತ ತಗೊಳ್ಳಿ, ಡಯಾಗ್ನೋಸಿಸ್ ಆಗಿರಬೇಕು ಅಂತೇನಿಲ್ಲ. ಕೆಲಸ ಶುರು ಮಾಡೋಕೇ ಆಗಲ್ಲ ಅನ್ನೋರಿಗೆ ಇದೊಂದರಿಂದಲೇ ಆಗತ್ತೆ ಅಂತ ನಾನು ಹೇಳಲ್ಲ, ನನಗೂ ಅದಕ್ಕೆ ಬೇರೆ ಉಪಾಯ ಬೇಕಾಯ್ತು, ತಂಗಿ ವಿಡಿಯೋ ಕಾಲಲ್ಲಿ ಅವಳ ಕೆಲಸ ಅವಳು ಮಾಡ್ಕೊಂಡು ಸುಮ್ನೆ ಕೂತಿರ್ತಾಳೆ, ಆಗ ನನ್ನ ಕೆಲಸ ಶುರುವಾಗತ್ತೆ, ಶುರುವಾದ್ಮೇಲೆ ಟೈಮರ್. ಕೆಂಪು ಕಮ್ಮಿ ಆಗೋದು ನೋಡಿದ್ರೆ ಎದೆ ಡವಡವ ಅನ್ನತ್ತೆ ಅಂತ ಒಬ್ಬ ಗೆಳತಿ ಹೇಳಿದ್ಲು, ಅಂಥವರು ಅಂಗಡೀಲೋ ಯಾರ ಮನೇಲೋ ನೋಡಿ ತಗೊಂಡ್ರೆ ಒಳ್ಳೇದು. ನಾನು ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಮ್ಮಿ ಮಾಡಿದ್ದು ಬೀಪ್ ಶಬ್ದಕ್ಕೆ.

ಎಂಟು ತಿಂಗಳಲ್ಲಿ ಸೆಲ್ ಒಂದೇ ಸಲ ಬದಲಾಯಿಸಿದೀನಿ. ಸೆಲ್ ವೀಕ್ ಆದ್ರೆ ಕೆಂಪು ನಿಧಾನ ಆಗ್ತಾ ಬರತ್ತೆ, ನಿಂತೇ ಹೋಗೋವರೆಗೆ ಗೊತ್ತಾಗಲ್ಲ, ಅದೊಂದು 20ನೇ ತಾರೀಕು ಆಗಿದ್ರೆ ಕಷ್ಟ, ಹಾಗಾಗಿ ಹಿಂದುಗಡೆ ಹೊಸ ಸೆಲ್ ಒಂದನ್ನ ಟೇಪ್ ಹಾಕಿ ಅಂಟಿಸಿಟ್ಟಿದೀನಿ.